ಆರು ವರ್ಷ ಹೋಮ್‌ವರ್ಕ್ ಆ್ಯಪ್ ಬಳಸಿದ ಮೇಲೆ

2019ರಲ್ಲಿ, ಎಂಟನೇ ಕ್ಲಾಸಿನಲ್ಲಿದ್ದಾಗ ಈ ಆ್ಯಪ್ ಹಾಕಿಕೊಂಡೆ. ಈಗ ಡಿಗ್ರಿ ಓದುತ್ತಿದ್ದೇನೆ, ಇನ್ನೂ ಫೋನಿನಿಂದ ತೆಗೆದಿಲ್ಲ. ಮೊದಲ ಮೂರು ವರ್ಷ ಕೇಳಿದ್ದೇ ಹೆಚ್ಚು. ಆಮೇಲೆ ಕೇಳುವುದು ಕಡಿಮೆಯಾಗಿ ಉತ್ತರ ಬರೆಯುವುದು ಹೆಚ್ಚಾಯಿತು. ಎರಡೂ ಬದಿಯಲ್ಲಿ ಕೂತು ನೋಡಿದ್ದರಿಂದ ಇದನ್ನು ಬರೆಯಬೇಕು ಅನ್ನಿಸಿತು. ಆ್ಯಪ್‌ನ ಹೆಸರು ಹೇಳುತ್ತಿಲ್ಲ. ವಿದ್ಯಾರ್ಥಿಗಳೇ ಪ್ರಶ್ನೆ ಹಾಕಿ ವಿದ್ಯಾರ್ಥಿಗಳೇ ಉತ್ತರ ಕೊಡುವ ಈ ಬಗೆಯ ಸೇವೆಗಳು ಒಳಗಿನಿಂದ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನೀವು ಬಳಸುವುದು ಬೇರೆಯದಾದರೂ ಇಲ್ಲಿರುವ ಬಹುಪಾಲು ಅದಕ್ಕೂ ಹೊಂದುತ್ತದೆ.

ಬಳಸುವುದು ಸುಲಭ. ವಿಷಯ, ತರಗತಿ ಆರಿಸಿ ಪ್ರಶ್ನೆ ಟೈಪ್ ಮಾಡಬೇಕು, ಇಲ್ಲವೇ ಫೋಟೊ ಹಾಕಬೇಕು. ಕೇಳಿದರೆ ಪಾಯಿಂಟ್ಸ್ ಖರ್ಚಾಗುತ್ತವೆ, ಉತ್ತರಿಸಿದರೆ ಸೇರುತ್ತವೆ. ಕೆಲವು ಉತ್ತರಗಳಿಗೆ ಮಾಡರೇಟರ್‌ಗಳು ಹಸಿರು ಟಿಕ್ ಹಾಕುತ್ತಾರೆ, ಅಂದರೆ ಪರಿಶೀಲಿಸಿದ ಉತ್ತರ ಎಂದು ಅರ್ಥ. ಎಂಟನೇ ಕ್ಲಾಸಿನವಳಿಗೆ ಆ ಟಿಕ್ ಮೇಷ್ಟ್ರ ಸಹಿಯಷ್ಟೇ ದೊಡ್ಡದಾಗಿ ಕಾಣುತ್ತಿತ್ತು.

ಆ ನಂಬಿಕೆ ಮುರಿದದ್ದು ಒಂಬತ್ತನೇ ಕ್ಲಾಸಿನಲ್ಲಿ, ಒಂದು ಚೆಂಡಿನ ಲೆಕ್ಕದಿಂದ. ಪ್ರಶ್ನೆ ಇಷ್ಟೇ: ನೇರ ಮೇಲಕ್ಕೆ ಎಸೆದ ಚೆಂಡು ಅತ್ಯಂತ ಎತ್ತರದ ಬಿಂದುವಿನಲ್ಲಿದ್ದಾಗ ಅದರ ವೇಗ ಎಷ್ಟು, ವೇಗೋತ್ಕರ್ಷ (ಅಂದರೆ ವೇಗ ಬದಲಾಗುವ ದರ) ಎಷ್ಟು? ಹುಡುಕಿದ ಕೂಡಲೇ ಹಳೆಯ ಉತ್ತರವೊಂದು ಸಿಕ್ಕಿತು. ವೇಗ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ, ಏಕೆಂದರೆ ಚೆಂಡು ಅಲ್ಲಿ ನಿಂತಿರುತ್ತದೆ. ಪಕ್ಕದಲ್ಲಿ ಹಸಿರು ಟಿಕ್, ಕೆಳಗೆ ಸಾಲುಸಾಲು ಥ್ಯಾಂಕ್ಸ್. ಹಾಗೇ ಬರೆದುಕೊಂಡು ಹೋದೆ. ಟೀಚರ್ ಕೆಂಪು ಇಂಕಿನಲ್ಲಿ ಒಂದೇ ಸಾಲು ಬರೆದಿದ್ದರು: "ಹಾಗಾದರೆ ಚೆಂಡು ಕೆಳಗೆ ಬರುವುದೇಕೆ?"

ಆ ಸಾಲನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ವೇಗ ಸೊನ್ನೆಯಾದ ಕ್ಷಣದಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿ ಹಾಗೇ ಉಳಿದರೆ ವೇಗ ಬದಲಾಗುವುದಕ್ಕೆ ಕಾರಣವೇ ಇರುವುದಿಲ್ಲ, ಚೆಂಡು ಗಾಳಿಯಲ್ಲೇ ತೂಗಿಕೊಂಡಿರಬೇಕು. ಗುರುತ್ವ ಆ ಕ್ಷಣಕ್ಕೆಂದು ರಜೆ ತೆಗೆದುಕೊಳ್ಳುವುದಿಲ್ಲ. ಮೇಲೆ ಹೋಗುವಾಗ, ತುದಿಯಲ್ಲಿರುವಾಗ, ಕೆಳಗೆ ಬರುವಾಗ ಮೂರೂ ಕಡೆ ವೇಗೋತ್ಕರ್ಷ ಸುಮಾರು 9.8 ಮೀಟರ್ ಪ್ರತಿ ಸೆಕೆಂಡ್ ವರ್ಗ, ಕೆಳಮುಖವಾಗಿ. ಇದು ತಲೆಗೆ ಹೋದದ್ದು ಆ್ಯಪ್‌ನಲ್ಲಿದ್ದ ನಾಲ್ಕು ಸಾಲಿನ ಉತ್ತರದಿಂದಲ್ಲ, ಟೀಚರ್ ಕೇಳಿದ ಒಂದು ಪ್ರಶ್ನೆಯಿಂದ. ತಪ್ಪು ಉತ್ತರವನ್ನು ರಿಪೋರ್ಟ್ ಮಾಡಿದೆ. ಎರಡು ತಿಂಗಳು ಏನೂ ಆಗಲಿಲ್ಲ. ಕೊನೆಗೆ ಟಿಕ್ ತೆಗೆದರು, ಉತ್ತರ ಮಾತ್ರ ಅಲ್ಲೇ ಉಳಿಯಿತು.

ಟಿಕ್ ಹಾಕುವವರನ್ನು ದೂರಲು ನನಗೆ ಮನಸ್ಸಿಲ್ಲ. ಅವರಲ್ಲಿ ಅನೇಕರು ಬಿಡುವಿನಲ್ಲಿ ಈ ಕೆಲಸ ಮಾಡುವವರು, ಅವರ ಮುಂದೆ ರಾಶಿ ಬಿದ್ದಿರುತ್ತದೆ. ನನ್ನ ದೂರು ಪಾಯಿಂಟ್ಸ್ ವ್ಯವಸ್ಥೆಯ ಮೇಲೆ. ಮೊದಲು ಬರೆದವರಿಗೆ ಲಾಭ, ಸರಿಯಾಗಿ ಬರೆದವರಿಗಲ್ಲ. ಪಾಯಿಂಟ್ಸ್ ಆಸೆಗೆ ಉತ್ತರದ ಜಾಗದಲ್ಲಿ ಬರೀ ಚುಕ್ಕಿಗಳನ್ನು ಒತ್ತಿ ಹೋದವರನ್ನು, ಪ್ರಶ್ನೆಯನ್ನೇ ತಿರುಗಿಸಿ ಬರೆದವರನ್ನು ಎಷ್ಟೋ ಸಲ ನೋಡಿದ್ದೇನೆ. 2020ರಲ್ಲಿ ಇದು ಮಿತಿಮೀರಿತು. ಆ ಏಪ್ರಿಲ್‌ನಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆಗಳು ಮುಚ್ಚಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿ ಕೂತಿದ್ದರು ಎನ್ನುತ್ತವೆ ಯುನೆಸ್ಕೊ ಅಂಕಿಗಳು. ಕೇಳಲು ಪಕ್ಕದ ಬೆಂಚಿಲ್ಲ, ಸ್ಟಾಫ್ ರೂಮಿಲ್ಲ, ಎಲ್ಲರೂ ಫೋನಿಗೆ ಬಂದರು. ಹತ್ತು ನಿಮಿಷದಲ್ಲಿ ಬರುತ್ತಿದ್ದ ಉತ್ತರ ಎರಡು ದಿನವಾದರೂ ಬರುತ್ತಿರಲಿಲ್ಲ. ಆದರೂ ಆ ದಿನಗಳಲ್ಲಿ, ನನ್ನಂತೆಯೇ ಇನ್ನೊಬ್ಬರೂ ಇದೇ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ತಿಳಿಯುವುದೇ ಎಷ್ಟೋ ಸಮಾಧಾನ ಕೊಡುತ್ತಿತ್ತು.

ಫೋಟೊ ಸ್ಕ್ಯಾನ್ ಸೌಲಭ್ಯದ ಬಗ್ಗೆ ಒಂದು ಮಾತು. ಅಚ್ಚಾದ ಪುಟಕ್ಕೆ ಚೆನ್ನಾಗಿದೆ, ಕೈಬರಹಕ್ಕೆ ಹುಷಾರು. ಮಸುಕಾದ ಮೈನಸ್ ಚಿಹ್ನೆಯನ್ನು ಅದು ಬಿಟ್ಟೇಬಿಡುತ್ತದೆ, ಘಾತದ ಎರಡನ್ನು ಪಕ್ಕದ ಎರಡಾಗಿ ಓದುತ್ತದೆ. ಆಮೇಲೆ ಬರುವ ಉತ್ತರದ ಸ್ಟೆಪ್ಸ್ ಎಲ್ಲಾ ಸರಿಯಾಗೇ ಇರುತ್ತವೆ, ಲೆಕ್ಕ ಮಾತ್ರ ನಿಮ್ಮದಲ್ಲ. ಇನ್ನು ನೋಟ್‌ಬುಕ್ ಪುಟವನ್ನು ಪೂರ್ತಿ ಕ್ಲಿಕ್ ಮಾಡಿ ಹಾಕುವ ಮಕ್ಕಳನ್ನು ನೋಡಿದರೆ ನನಗೆ ಈಗಲೂ ಭಯವಾಗುತ್ತದೆ. ಮೇಲೆ ಹೆಸರು, ಶಾಲೆ, ಸೆಕ್ಷನ್, ರೋಲ್ ನಂಬರ್ ಎಲ್ಲವೂ ಇರುತ್ತದೆ. ಪ್ರಶ್ನೆಯಿರುವಷ್ಟು ಜಾಗವನ್ನು ಮಾತ್ರ ಕತ್ತರಿಸಿ ಹಾಕಿ. ಕಿರಿಯರಿಗೆ ನಾನು ಮೊದಲು ಬರೆಯುವ ಉತ್ತರ ಎಷ್ಟೋ ಸಲ ಇದೇ ಆಗಿರುತ್ತದೆ.

ಎಲ್ಲ ವಿಷಯಕ್ಕೂ ಆ್ಯಪ್ ಒಂದೇ ರೀತಿ ಒದಗುವುದಿಲ್ಲ. ಗಣಿತಕ್ಕೆ ಅತ್ಯುತ್ತಮ, ಏಕೆಂದರೆ ಬಂದ ಉತ್ತರವನ್ನು ನಾವೇ ಹಾಕಿ ನೋಡಿ ಪರೀಕ್ಷಿಸಬಹುದು. ರಸಾಯನಶಾಸ್ತ್ರಕ್ಕೂ ಅಷ್ಟೇ, ಎರಡೂ ಬದಿಯ ಪರಮಾಣುಗಳನ್ನು ಎಣಿಸಿದರೆ ಆಯಿತು. ಆದರೂ ಅಲ್ಲೊಂದು ತಪ್ಪು ಮತ್ತೆ ಮತ್ತೆ ಬರುತ್ತದೆ. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವ ಸಮೀಕರಣವನ್ನು ಸರಿದೂಗಿಸಿ ಎಂದರೆ, ಬಲಬದಿಗೆ ಆಕ್ಸಿಜನ್ ಒಂದು ಕಡಿಮೆ ಬಿತ್ತೆಂದು ಎಚ್2ಒ ಪಕ್ಕದಲ್ಲಿ ಇನ್ನೊಂದು ಸಣ್ಣ ಎರಡನ್ನು ಸೇರಿಸಿಬಿಡುತ್ತಾರೆ. ಎಣಿಕೆ ಸರಿಹೋಯಿತು, ಆದರೆ ಈಗ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಸೂತ್ರದ ಎಡಕ್ಕೆ ಬರೆಯುವ ದೊಡ್ಡ ಅಂಕಿ ಬದಲಿಸಬಹುದು, ಸೂತ್ರದೊಳಗಿನ ಸಣ್ಣ ಅಂಕಿ ಮುಟ್ಟುವ ಹಾಗಿಲ್ಲ; ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು, ಎರಡು ನೀರು. ಇದನ್ನು ಬಿಡಿಸಿ ಹೇಳುವ ಉತ್ತರ ಹತ್ತರಲ್ಲಿ ಒಂದು ಸಿಕ್ಕರೆ ಅದೃಷ್ಟ. ಇತಿಹಾಸದಲ್ಲಿ ಇಸವಿ, ಹೆಸರುಗಳನ್ನು ಪಠ್ಯಪುಸ್ತಕದೊಂದಿಗೆ ಹೋಲಿಸದೆ ತೆಗೆದುಕೊಳ್ಳಬೇಡಿ. ಭಾಷಾ ವಿಷಯಗಳ ಪ್ರಬಂಧ, ಸಾರಾಂಶಗಳಿಗೆ ಈ ಆ್ಯಪ್ ಬೇಡವೇ ಬೇಡ. ಒಂದೇ ಸಾರಾಂಶವನ್ನು ಒಂದೇ ಕ್ಲಾಸಿನ ಆರು ಜನ ತಂದರೆ ಟೀಚರ್‌ಗೆ ತಿಳಿಯದೆ ಇರುತ್ತದೆಯೇ? ಅದಕ್ಕಿಂತ ನನಗೆ ನೋವಾಗುವುದು, ಮಗು ಓದಿ ತನಗೆ ಅನ್ನಿಸಿದ್ದನ್ನು ತಾನೇ ಬರೆಯುವ ಅವಕಾಶ ಅಲ್ಲಿಗೇ ಕಳೆದುಹೋಗುತ್ತದಲ್ಲ ಎಂದು.

ನನ್ನ ಬಳಕೆ ಬದಲಾದದ್ದು ಹತ್ತನೇ ಕ್ಲಾಸಿನಲ್ಲಿ. ಗಣಿತಕ್ಕೆಂದೇ ಇರುವ ಮ್ಯಾಥಮ್ಯಾಟಿಕ್ಸ್ ಸ್ಟ್ಯಾಕ್ ಎಕ್ಸ್‌ಚೇಂಜ್ ಎಂಬ ಪ್ರಶ್ನೋತ್ತರ ವೆಬ್‌ಸೈಟ್‌ನಲ್ಲಿ ಒಂದು ಲೆಕ್ಕ ಕೇಳಿದೆ. ಅಲ್ಲಿ ಪ್ರಶ್ನೆಯನ್ನು ಹಾಗೇ ಎಸೆದು ಹೋದರೆ ಒಪ್ಪುವುದಿಲ್ಲ. ನೀನು ಏನು ಪ್ರಯತ್ನಿಸಿದೆ, ಎಲ್ಲಿ ನಿಂತೆ ಎಂದು ಬರೆಯಬೇಕು. ನನ್ನ ಪ್ರಶ್ನೆ ಮುಚ್ಚಿಹೋಯಿತು. ಮೊದಲು ಬೇಜಾರಾಯಿತು. ಮತ್ತೆ ಕೂತು ಒಂದೊಂದೇ ಸ್ಟೆಪ್ ಟೈಪ್ ಮಾಡುತ್ತಾ ಬಂದೆ, ಮೂರನೇ ಸಾಲಿಗೆ ಬರುವಷ್ಟರಲ್ಲಿ ತಪ್ಪು ಕಣ್ಣಿಗೆ ಬಿತ್ತು. ಪೋಸ್ಟ್ ಮಾಡುವ ಅಗತ್ಯವೇ ಬೀಳಲಿಲ್ಲ.

ಅಂದಿನಿಂದ ನಮ್ಮ ಆ್ಯಪ್‌ನಲ್ಲೂ ಹಾಗೇ ಕೇಳತೊಡಗಿದೆ. "ಇದನ್ನು ಬಿಡಿಸಿ" ಎನ್ನುವ ಬದಲು "ಇಲ್ಲಿಯವರೆಗೆ ಬಂದೆ, ಈ ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಹೋದರು ಗೊತ್ತಾಗಲಿಲ್ಲ" ಎಂದು. ಬರುವ ಉತ್ತರಗಳ ದರ್ಜೆಯೇ ಬದಲಾಯಿತು. ಪಾಯಿಂಟ್ಸ್‌ಗಾಗಿ ಓಡಿ ಬರುವವರು ಇಂಥ ಪ್ರಶ್ನೆಗಳ ಹತ್ತಿರ ಸುಳಿಯುವುದಿಲ್ಲ, ನಿಜವಾಗಿ ವಿಷಯ ಗೊತ್ತಿರುವವರು ನಿಂತು ಉತ್ತರಿಸುತ್ತಾರೆ. ಆರು ವರ್ಷದಲ್ಲಿ ನಾನು ಕಂಡುಕೊಂಡದ್ದರಲ್ಲಿ ಅತಿ ಹೆಚ್ಚು ಉಪಯೋಗವಾದದ್ದು ಇದೇ, ಹೊಸಬರಿಗೆ ಹೇಳಲೇಬೇಕು ಅನ್ನಿಸುವುದೂ ಇದನ್ನೇ.

ಉತ್ತರ ಬರೆಯಲು ಶುರು ಮಾಡಿದ ಮೇಲೆ ನನಗೇ ಎಷ್ಟು ಗೊತ್ತಿಲ್ಲ ಎಂಬುದು ತಿಳಿಯಿತು. ಒಬ್ಬ ಹುಡುಗ ಕೇಳಿದ್ದ: ಮೈನಸ್ ಎರಡು ಎಕ್ಸ್ ಆರಕ್ಕಿಂತ ಕಡಿಮೆ ಎಂದಿದೆ, ಮೈನಸ್ ಎರಡರಿಂದ ಭಾಗಿಸಿದಾಗ ಚಿಹ್ನೆ ಯಾಕೆ ತಿರುಗಬೇಕು? ನಿಯಮ ಹಾಗಿದೆ ಎಂದು ಬರೆದೆ. ಅವನು ಬಿಡಲಿಲ್ಲ: "ನಿಯಮ ಗೊತ್ತು ಅಕ್ಕಾ, ಯಾಕೆ ಅಂತ ಹೇಳಿ." ನನಗೆ ಗೊತ್ತಿರಲಿಲ್ಲ. ಕಾಗದ ತೆಗೆದುಕೊಂಡು ಸಂಖ್ಯಾರೇಖೆ ಎಳೆದೆ. ಎರಡು, ಐದಕ್ಕಿಂತ ಚಿಕ್ಕದು. ಈ ಎರಡೂ ಸಂಖ್ಯೆಗಳಿಗೆ ಮೈನಸ್ ಹಾಕಿದರೆ ಸೊನ್ನೆಯ ಆಚೆ ಬದಿಗೆ ಹೋಗಿ ಬೀಳುತ್ತವೆ, ದೂರವಿದ್ದ ಐದು ಅಲ್ಲೂ ದೂರವೇ, ಅಂದರೆ ಮೈನಸ್ ಐದು ಮೈನಸ್ ಎರಡಕ್ಕಿಂತ ಚಿಕ್ಕದು. ಸಾಲು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಾಯಿತು, ಅದಕ್ಕೇ ಚಿಹ್ನೆಯೂ ತಿರುಗುತ್ತದೆ. ಪರೀಕ್ಷಿಸಲು ಎಕ್ಸ್ ಜಾಗದಲ್ಲಿ ಸೊನ್ನೆ ಹಾಕು, ಸೊನ್ನೆ ಆರಕ್ಕಿಂತ ಕಡಿಮೆ, ಸರಿ. ಮೈನಸ್ ನಾಲ್ಕು ಹಾಕು, ಎಂಟು ಬಂತು, ಸರಿಹೋಗಲಿಲ್ಲ. ಹಾಗಾಗಿ ಎಕ್ಸ್ ಮೈನಸ್ ಮೂರಕ್ಕಿಂತ ಹೆಚ್ಚೇ ಇರಬೇಕು. ರೇಖೆಯ ಫೋಟೊ ಹಾಕಿದೆ. ಆ ಪಾಠವನ್ನು ನಾನು ಎರಡು ವರ್ಷ ಹಿಂದೆಯೇ ಪಾಸಾಗಿದ್ದೆ, ಅರ್ಥ ಮಾಡಿಕೊಂಡದ್ದು ಆ ದಿನ.

2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ್ಯಪ್‌ನ ಮುಖವೇ ಬದಲಾಯಿತು. ಈಗ ಪ್ರಶ್ನೆ ಹಾಕಿದ ಮರುಕ್ಷಣ ಎಐ ಉತ್ತರ ಮೇಲೆ ಕೂತಿರುತ್ತದೆ, ಮನುಷ್ಯರು ಬರೆದದ್ದು ಕೆಳಗೆ ಸರಿದಿರುತ್ತದೆ. ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತು ಓದುವವರಿಗೆ ಇದು ದೊಡ್ಡ ಆಸರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅರ್ಥವಾಗದಿದ್ದರೆ ಹತ್ತು ಸಲ ಕೇಳಿದರೂ ಬೇಸರಿಸದೆ ಇನ್ನೊಂದು ರೀತಿ ಹೇಳುತ್ತದೆ. ಆದರೆ ತಪ್ಪು ಹೇಳುವಾಗಲೂ ಅದೇ ಧೈರ್ಯದಲ್ಲಿ ಹೇಳುತ್ತದೆ, ಇಲ್ಲದ ಪುಸ್ತಕದ ಹೆಸರನ್ನೂ ಕೊಟ್ಟುಬಿಡುತ್ತದೆ. ಮನುಷ್ಯರಾದರೆ "ನನಗೆ ಅನ್ನಿಸುವ ಪ್ರಕಾರ" ಎಂದು ಅಳುಕುತ್ತಾರೆ, ಆ ಅಳುಕಿನಿಂದ ಓದುವವರಿಗೆ ಎಚ್ಚರ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗ ನನ್ನನ್ನು ಬಿಡದೆ ಕೇಳಿದ ಹಾಗೆ ಕೇಳುವವರು ಕಡಿಮೆಯಾಗಿದ್ದಾರೆ. ಉತ್ತರ ಆಗಲೇ ಅಲ್ಲಿದೆಯಲ್ಲ ಎಂದು ಬರೆಯುವವರೂ ಹಿಂದೆ ಸರಿಯುತ್ತಿದ್ದಾರೆ.

ಬಿಡಿಸಿದ ಉತ್ತರವನ್ನು ಓದಿದಾಗ ಎಲ್ಲಾ ಗೊತ್ತಾಯಿತು ಅನ್ನಿಸುತ್ತದೆ, ಪುಸ್ತಕ ಮುಚ್ಚಿದರೆ ಪೆನ್ ಓಡುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಃಶಾಸ್ತ್ರಜ್ಞರು ಇದನ್ನೇ ಪ್ರಯೋಗ ಮಾಡಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು, ಒಂದು ವಾರದ ನಂತರ ಕೇಳಿದರೆ ನೆನಪಿನಿಂದ ಬರೆದವರು ಮುಂದು. ಹೋಮ್‌ವರ್ಕ್ ಮರುದಿನಕ್ಕೆ ಸಾಕು, ಪರೀಕ್ಷೆ ಬರುವುದು ತಿಂಗಳ ಮೇಲೆ. ಹಾಗಾಗಿ ಉತ್ತರ ನೋಡಿದ ಮೇಲೆ ಫೋನನ್ನು ಬೋರಲು ಹಾಕಿ, ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮೊದಲಿನಿಂದ ಮಾಡುತ್ತೇನೆ. ಸಿಕ್ಕಿಕೊಂಡರೆ ಮಾತ್ರ ಫೋನ್ ತಿರುಗಿಸುವುದು.

ಚಂದಾ ಬೇಕೇ ಎಂದು ಹಲವರು ಕೇಳುತ್ತಾರೆ. ಒಂದು ವರ್ಷ ಕಟ್ಟಿದ್ದೆ. ಜಾಹೀರಾತು ಇರಲಿಲ್ಲ, ಉತ್ತರಗಳು ಮಿತಿಯಿಲ್ಲದೆ ತೆರೆದುಕೊಂಡವು, ನಾನು ಮೊದಲಿಗಿಂತ ಹೆಚ್ಚು ನಕಲು ಮಾಡಿದೆ. ನಿಲ್ಲಿಸಲು ಹೋದಾಗ ರದ್ದು ಮಾಡುವ ಬಟನ್ ಹುಡುಕುವುದೇ ಒಂದು ಕೆಲಸವಾಯಿತು, ಅಷ್ಟರಲ್ಲಿ ಇನ್ನೊಂದು ತಿಂಗಳ ಹಣ ಕಡಿತವಾಗಿತ್ತು. ಕಂಪನಿಯವರು ಇದನ್ನು ಸರಿಪಡಿಸಲೇಬೇಕು, ಬಳಸುವವರು ಮಕ್ಕಳು. ಪಾಠವೇ ಅರ್ಥವಾಗಿಲ್ಲ ಎಂದಾದರೆ ವಿಡಿಯೊ ಪಾಠಗಳ ಖಾನ್ ಅಕಾಡೆಮಿ ಉಚಿತವಾಗಿದೆ, 2004ರಲ್ಲಿ ಅಮೆರಿಕದ ಸಲ್ಮಾನ್ ಖಾನ್ (ಸಿನಿಮಾ ನಟನಲ್ಲ) ದೂರದಲ್ಲಿದ್ದ ಸಂಬಂಧಿಕರ ಹುಡುಗಿಗೆ ಗಣಿತ ಹೇಳಿಕೊಡುವುದರಿಂದ ಶುರುವಾದದ್ದು. ಜ್ಯಾಮಿತಿ, ಗ್ರಾಫ್‌ಗೆ ಜಿಯೋಜೀಬ್ರಾ. ಭೌತಶಾಸ್ತ್ರದ ಪ್ರಯೋಗಗಳಿಗೆ ಪರದೆಯ ಮೇಲೇ ಮಾಡಿ ನೋಡಬಹುದಾದ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳು. ಚೆಂಡಿನ ಲೆಕ್ಕ ಬಂದ ವರ್ಷ ನನಗೆ ಫೆಟ್ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಎರಡು ಕಡಿತವಾದದ್ದು ಪಾಯಿಂಟ್ಸ್ ವ್ಯವಸ್ಥೆಗೆ ಮತ್ತು ಟಿಕ್ ಬಿದ್ದ ತಪ್ಪು ಉತ್ತರಗಳಿಗೆ. ಉಳಿದ ಮೂರೂ ಅಲ್ಲಿ ಕೂತು ಬರೆಯುವ ವಿದ್ಯಾರ್ಥಿಗಳಿಗೆ.

ಹೋದ ವಾರ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೃದಯದ ಚಿತ್ರದ ಬಗ್ಗೆ ಬರೆದಿದ್ದಳು: "ಅಕ್ಕಾ, ನೀವು ಎಡ ಹೃತ್ಕರ್ಣವನ್ನು ಬಲಗಡೆ ತೋರಿಸಿದ್ದೀರಿ, ತಪ್ಪಾಗಿದೆ." ಎಐ ಉತ್ತರ ಮೇಲೇ ಇದ್ದರೂ ಅವಳು ಕೆಳಗಿನ ನನ್ನ ಚಿತ್ರವನ್ನು ಅಷ್ಟು ಗಮನವಿಟ್ಟು ನೋಡಿದ್ದಳು. ಪುಸ್ತಕವನ್ನು ನಿನ್ನ ಎದುರು ನಿಂತ ವ್ಯಕ್ತಿ ಅಂದುಕೋ, ಅವರ ಎಡಗೈ ನಿನಗೆ ಯಾವ ಕಡೆ ಕಾಣುತ್ತದೆ ಎಂದು ಕೇಳಿದೆ. ಅರ್ಧ ಗಂಟೆ ಬಿಟ್ಟು ಅವಳೇ ಬಿಡಿಸಿದ ಚಿತ್ರ ಬಂತು, ನಾಲ್ಕು ಕೋಣೆಗಳೂ ಸರಿಯಾದ ಜಾಗದಲ್ಲಿದ್ದವು. ಕೆಳಗೆ ಇನ್ನೊಂದು ಪ್ರಶ್ನೆ ಇತ್ತು: ಎಡ ಹೃತ್ಕುಕ್ಷಿಯ ಗೋಡೆಯನ್ನು ಮಾತ್ರ ಯಾಕೆ ಅಷ್ಟು ದಪ್ಪ ಬರೆದಿದ್ದಾರೆ? ರಕ್ತ ಅಲ್ಲಿಂದ ಎಲ್ಲಿಗೆಲ್ಲ ಹೋಗಬೇಕು, ಬಲಗಡೆಯಿಂದ ಎಲ್ಲಿಗೆ ಹೋಗಬೇಕು, ಎರಡು ದಾರಿಯನ್ನೂ ಬಾಣ ಹಾಕಿ ಎಳೆದು ಕಳಿಸು ಎಂದಿದ್ದೇನೆ. ಅವಳ ಉತ್ತರ ಇನ್ನೂ ಬಂದಿಲ್ಲ, ಕಾಯುತ್ತಿದ್ದೇನೆ.