ಟೂರಿಂಗ್ ಬೈಕಿಗೆ ಯಾವ ಜಿಪಿಎಸ್: ಫೋನು, ಕಾರ್‌ಪ್ಲೇ ಸ್ಕ್ರೀನು, ಬಾಣದ ಡಿಸ್‌ಪ್ಲೇ, ಇಲ್ಲಾ ಬೈಕಿಗೇ ಮಾಡಿದ ಡಬ್ಬಿ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಬೈಕಿಗೆ ಅಂತಾನೇ ಮಾಡಿರೋ ಜಿಪಿಎಸ್ ಡಬ್ಬಿಗೆ. ಓಟು ಹಾಕಿದ ಮೇಲೂ ಬೈಯೋ ಹಕ್ಕು ಇರುತ್ತಲ್ಲ, ಅದನ್ನ ಕೆಳಗೆ ಧಾರಾಳವಾಗಿ ಬಳಸ್ಕೊಂಡಿದೀನಿ.

ಹೋಲಿಸ್ತಿರೋದು ನಾಲ್ಕು. ಹ್ಯಾಂಡಲ್ ಮೇಲೆ ಕೂರ್ಸಿದ ಫೋನ್, ಫೋನನ್ನ ಜೇಬಲ್ಲೇ ಇಟ್ಕೊಂಡು ಹ್ಯಾಂಡಲ್ ಮೇಲೆ ಹಾಕೋ ಕಾರ್‌ಪ್ಲೇ ಅಥ್ವಾ ಆಂಡ್ರಾಯ್ಡ್ ಆಟೋ ಸ್ಕ್ರೀನ್ (ಫೋನಲ್ಲಿರೋ ಮ್ಯಾಪನ್ನ ಬೇರೆ ಸ್ಕ್ರೀನಲ್ಲಿ ತೋರ್ಸೋ ಆಪಲ್, ಗೂಗಲ್‌ನವ್ರ ವ್ಯವಸ್ಥೆ), ಬರೀ ಬಾಣ ತೋರ್ಸೋ ದುಂಡನೆ ಪುಟ್ಟ ಡಿಸ್‌ಪ್ಲೇ, ಆಮೇಲೆ ಗಾರ್ಮಿನ್ ಝೂಮೊ, ಟಾಮ್‌ಟಾಮ್ ರೈಡರ್ ಜಾತಿಗೆ ಸೇರಿದ ಬೈಕ್ ಜಿಪಿಎಸ್. ಸ್ಕ್ರೀನ್ ಎಷ್ಟು ಇಂಚು, ಮೆಮರಿ ಎಷ್ಟು ಜಿಬಿ ಅನ್ನೋದೆಲ್ಲ ಬಾಕ್ಸ್ ಮೇಲೇ ಬರ್ದಿರುತ್ತೆ, ಅದು ಬಿಡಿ.

ನನ್ನ ಅಭ್ಯಾಸ ಏನು ಅಂತ ಹೇಳದೆ ಹೋದ್ರೆ ಈ ಹೋಲಿಕೆಗೆ ಅರ್ಥ ಇಲ್ಲ. ನಾನು ಹೊರಡೋ ಹಿಂದಿನ ರಾತ್ರಿ ಕಂಪ್ಯೂಟರ್ ಮುಂದೆ ಕೂತು ದಾರಿ ಎಳೆಯೋ ಮನುಷ್ಯ. ಹೈವೇ ಬಿಟ್ಟು ತಿರುವು ಜಾಸ್ತಿ ಇರೋ ಸಣ್ಣ ರಸ್ತೆ ಹುಡ್ಕಿ, ಇಲ್ಲಿಂದ ಇಲ್ಲಿಗೆ, ಅಲ್ಲಿಂದ ಆ ಕೆರೆ ಪಕ್ಕದಲ್ಲಿ ಅಂತ ಗೆರೆ ಹಾಕಿರ್ತೀನಿ. ಬೆಳಿಗ್ಗೆ ಯಂತ್ರ ಆ ಗೆರೆಯನ್ನೇ ತೋರ್ಸ್ಬೇಕು. ‘ಇದಕ್ಕಿಂತ ಹನ್ನೆರಡು ನಿಮಿಷ ಬೇಗ ತಲುಪೋ ದಾರಿ ಇದೆ’ ಅಂತ ನಂಗೆ ಬುದ್ಧಿ ಹೇಳ್ಬಾರ್ದು. ಬೇಗ ತಲುಪೋದೇ ಮುಖ್ಯ ಆಗಿದ್ರೆ ನಾನು ಬಸ್ಸಲ್ಲಿ ಮಲ್ಕೊಂಡು ಹೋಗ್ತಿದ್ದೆ.

ಫೋನಿಂದ ಶುರು ಮಾಡೋಣ, ಎಲ್ರೂ ಶುರು ಮಾಡೋದು ಅಲ್ಲಿಂದಾನೇ. ಹೇಗಿದ್ರೂ ಕೈಲಿ ಇದ್ದೇ ಇದೆ, ಮ್ಯಾಪ್ ಪುಕ್ಕಟೆ, ಟ್ರಾಫಿಕ್ ತೋರ್ಸುತ್ತೆ, ಒಂದು ಗಟ್ಟಿ ಮೌಂಟ್ ತಗೊಂಡ್ರೆ ಕೆಲ್ಸ ಮುಗೀತು. ಅಪರೂಪಕ್ಕೊಂದು ಟೂರ್ ಮಾಡೋರಿಗೆ ಇಷ್ಟು ಸಾಕು, ಅಂಥೋರು ಮುಂದೆ ಓದೋದೂ ಬೇಡ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಜಿಪಿಎಸ್ ಸತ್ತು ಹೋಗುತ್ತೆ ಅಂತ ಬಹಳ ಜನ ನಂಬಿದಾರೆ, ಹಾಗೇನಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರೋ ಸ್ಯಾಟಲೈಟ್‌ಗಳು ಸಿಗ್ನಲ್ ಕಳಿಸ್ತಾನೇ ಇರ್ತವೆ, ಫೋನ್ ಅದನ್ನ ಸುಮ್ನೆ ಕೇಳಿಸ್ಕೊಳ್ಳುತ್ತೆ ಅಷ್ಟೇ, ನಾಲ್ಕು ಸಿಕ್ಕಿದ್ರೆ ನೀವೆಲ್ಲಿದೀರ ಅನ್ನೋ ಲೆಕ್ಕ ಹಾಕುತ್ತೆ. ಅದಕ್ಕೆ ಸಿಮ್ಮೇ ಬೇಡ. ಸಿಮ್ ಬೇಕಾಗಿರೋದು ಮ್ಯಾಪ್ ಇಳಿಸ್ಕೊಳ್ಳೋಕೆ. ಇಳಿಸ್ಕೊಂಡಿಲ್ಲ ಅಂದ್ರೆ ಖಾಲಿ ಬೂದು ಬಣ್ಣದ ಮೇಲೆ ನೀಲಿ ಚುಕ್ಕೆ ಒಂದೇ ತೆವಳ್ತಾ ಇರುತ್ತೆ. ಮನೇಲಿ ವೈಫೈ ಇರುವಾಗ್ಲೇ ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡ್ರೆ ಗೂಗಲ್ ಮ್ಯಾಪ್ಸ್ ನೆಟ್ ಇಲ್ಲದೇನೂ ದಾರಿ ಹೇಳುತ್ತೆ, ಟ್ರಾಫಿಕ್ ಮತ್ತೆ ಬದಲಿ ದಾರಿ ಮಾತ್ರ ಇರಲ್ಲ. ಜನರೇ ಸೇರಿ ಮಾಡಿರೋ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಪುಕ್ಕಟೆ ಮ್ಯಾಪ್ ಮೇಲೆ ನಡೆಯೋ ಓಸ್ಮ್‌ಆಂಡ್ ಥರದ ಆ್ಯಪ್ ಆದ್ರೆ ಪೂರ್ತಿ ಫೋನಲ್ಲೇ ಕೂತಿರುತ್ತೆ. ಹಾಗಾಗಿ ಫೋನ್ ಬೇಡ ಅನ್ನೋಕೆ ಸಿಗ್ನಲ್ ಕಾರಣ ಅಲ್ವೇ ಅಲ್ಲ.

ಕಾರಣ ನೀರು, ಬಿಸಿಲು, ನಡುಕ. ಮಳೆ ಹನಿ ಬಿದ್ರೆ ಸ್ಕ್ರೀನ್ ಅದನ್ನ ಬೆರಳು ಅಂದ್ಕೊಳ್ಳುತ್ತೆ, ಮ್ಯಾಪ್ ತಾನಾಗೇ ಜೂಮ್ ಆಗಿ ಎಲ್ಲೋ ಸಮುದ್ರದ ಮಧ್ಯ ಹೋಗಿ ನಿಲ್ಲುತ್ತೆ, ಸರಿ ಮಾಡೋಣ ಅಂದ್ರೆ ಒದ್ದೆ ಗ್ಲೌಸ್ ಬೆರಳನ್ನ ಅದು ಒಪ್ಪಲ್ಲ. ಚಾರ್ಜಿಂಗ್ ಪೋರ್ಟ್‌ಗೆ ತೇವ ಹೋದ್ರೆ ಚಾರ್ಜ್ ತಗೊಳ್ಳಲ್ಲ ಅಂತ ಹಠ ಹಿಡಿಯುತ್ತೆ. ಬಿಸಿಲಿಗೆ ಬಂದ್ರೆ, ಐಫೋನ್ ಬಳಸೋಕೆ ಕಂಪನಿಯೇ ಹೇಳಿರೋ ವಾತಾವರಣ 0ರಿಂದ 35 ಡಿಗ್ರಿ. ನೆತ್ತಿ ಸುಡೋ ಬಿಸಿಲು, ಜೊತೆಗೆ ಚಾರ್ಜಿಂಗು, ಜೊತೆಗೆ ಪೂರ್ತಿ ಬ್ರೈಟ್‌ನೆಸ್ಸು ಅಂದ್ರೆ ಯಾವ ಫೋನೇ ಆಗ್ಲಿ ಮೊದ್ಲು ಸ್ಕ್ರೀನ್ ಮಂಕು ಮಾಡುತ್ತೆ, ಆಮೇಲೆ ‘ತಣ್ಣಗಾಗ್ಲಿ ತಾಳು’ ಅಂತ ಕಣ್ಣು ಮುಚ್ಚುತ್ತೆ. ವೈರ್‌ಲೆಸ್ ಚಾರ್ಜಿಂಗ್ ಮೌಂಟ್ ಆ ಬಿಸಿಗೆ ಇನ್ನಷ್ಟು ಬಿಸಿ ಸೇರ್ಸುತ್ತೆ. ನಡುಕದ ವಿಷ್ಯ ಆಪಲ್‌ನವ್ರೇ 2021ರ ಸೆಪ್ಟೆಂಬರಲ್ಲಿ ಬರ್ದು ಹಾಕಿದ್ರು, ದೊಡ್ಡ ಎಂಜಿನ್ ಬೈಕಿನ ಹ್ಯಾಂಡಲ್‌ಗೆ ಐಫೋನ್ ಸಿಕ್ಕಿಸ್ಬೇಡಿ, ಕ್ಯಾಮೆರಾ ಕೆಡಬಹುದು ಅಂತ. ಕೈ ನಡುಗಿದ್ರೂ ಫೋಟೋ ನಿಲ್ಲಿಸೋಕೆ ಲೆನ್ಸನ್ನ ಅಲ್ಲಾಡೋ ಹಾಗೆ ಇಟ್ಟಿರ್ತಾರೆ, ಎಂಜಿನ್ನಿನ ನಡುಕ ಅದನ್ನ ಗಂಟೆಗಟ್ಲೆ ಕುಟ್ಟುತ್ತೆ. ನನ್ನ ಫೋನಲ್ಲೂ ಒಂದು ಟೂರ್ ಮುಗಿಯೋ ಹೊತ್ತಿಗೆ ಕ್ಯಾಮೆರಾ ತೆಗೆದ್ರೆ ಚಿತ್ರ ಗಡಗಡ ಅಂತಿತ್ತು, ಫೋಕಸ್ ಮಾಡೋಕೆ ಹೋದ್ರೆ ಒಳಗಿಂದ ಕಿರ್ರ್ ಅಂತ ಸದ್ದು. ನಡುಕ ಹೀರೋ ಡ್ಯಾಂಪರ್ ಇರೋ ಮೌಂಟ್ ಹಾಕಿದ್ರೆ ಅಪಾಯ ಕಮ್ಮಿ ಆಗುತ್ತೆ. ಆದ್ರೆ ಬ್ಯಾಂಕು, ಟಿಕೆಟ್ಟು, ಮನೆಯವ್ರ ನಂಬರ್ರು ಎಲ್ಲಾ ಇರೋ ಒಂದೇ ಒಂದು ಸಾಮಾನನ್ನ ಬೈಕಿನ ಮೂತಿ ಮೇಲೆ ಕಟ್ಕೊಂಡು ಹೋಗೋಕೆ ನಂಗಂತೂ ಮನಸ್ಸು ಬರಲ್ಲ.

ಬಾಣದ ಡಿಸ್‌ಪ್ಲೇ ಗೆಳೆಯನದ್ದು ಇಸ್ಕೊಂಡು ಓಡ್ಸಿದೆ. ನೋಡೋಕೆ ಮುದ್ದಾಗಿದೆ, ಹಳೇ ಕಾಲದ ಬೈಕಿಗೆ ಒಪ್ಪುತ್ತೆ, ಬ್ಯಾಟರಿ ಚೆನ್ನಾಗಿ ಬರುತ್ತೆ, ಆದ್ರೆ ಮುಂದಿನ ತಿರುವು ಬಿಟ್ಟು ಏನೂ ಕಾಣಲ್ಲ. ಮುಂದಿನ ಮೂರು ತಿರುವು ಒಟ್ಟಿಗೆ ನೋಡೋ ಚಟ ನಂಗಿದೆ. ವಾಪಸ್ ಕೊಟ್ಟೆ.

ಕಾರ್‌ಪ್ಲೇ ಸ್ಕ್ರೀನ್ ಬಗ್ಗೆ ಸ್ವಲ್ಪ ಹೊತ್ತು ಯೋಚ್ನೆ ಮಾಡಿದ್ದು ನಿಜ. ಐಡಿಯಾ ಚೆನ್ನಾಗಿದೆ, ಸ್ಕ್ರೀನ್ ಮಳೇಲಿ ನೆನೀಲಿ, ಫೋನ್ ಜಾಕೆಟ್ಟಲ್ಲಿ ಬೆಚ್ಚಗಿರ್ಲಿ, ಆ್ಯಪ್ ನಮ್ಗೆ ಬೇಕಾದ್ದು. ಬೈಕ್ ಜಿಪಿಎಸ್‌ಗಿಂತ ಅಗ್ಗಾನೂ ಹೌದು. ಆದ್ರೆ ಅದು ಬೈಕಿನ ಕರೆಂಟಲ್ಲೇ ಬದುಕೋ ಸಾಮಾನು, ಕೀ ಆಫ್ ಮಾಡಿದ್ರೆ ಸ್ಕ್ರೀನೂ ಆಫು. ರೈಲ್ವೆ ಗೇಟ್ ಹತ್ರ ಎಂಜಿನ್ ನಿಲ್ಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಅದು ಮೊದ್ಲು ಎದ್ದು, ಬ್ಲೂಟೂತಲ್ಲಿ ಫೋನನ್ನ ಕರ್ದು, ಆಮೇಲೆ ವೈಫೈಗೆ ಹಾರಿ, ಆಮೇಲೆ ಮ್ಯಾಪ್ ತೋರ್ಸ್ಬೇಕು, ಅಷ್ಟ್ರಲ್ಲಿ ಹಿಂದಿನ ಲಾರಿಯವ್ನು ಹಾರ್ನ್ ಹೊಡೀತಿರ್ತಾನೆ. ಜೇಬಿನ ಫೋನ್ ದಿನವಿಡೀ ವೈಫೈ ಓಡ್ಸಿ ಓಡ್ಸಿ ಮಧ್ಯಾಹ್ನಕ್ಕೇ ಸುಸ್ತಾಗುತ್ತೆ, ಅದಕ್ಕೆ ಪವರ್ ಬ್ಯಾಂಕು, ಅದಕ್ಕೆ ಇನ್ನೊಂದು ವೈರು. ಹೆಲ್ಮೆಟ್ ಇಂಟರ್‌ಕಾಮ್ ಜೊತೆ ಆಡಿಯೋ ಜೋಡಣೆ ಬೇರೆ ರಗಳೆ. ಆದ್ರೂ ಟ್ರಾಫಿಕ್ ನೋಡ್ಕೊಂಡು ದಿನಾ ಆಫೀಸಿಗೂ ಅದೇ ಬೈಕಲ್ಲಿ ಹೋಗೋರಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ.

ಇನ್ನು ನನ್ನ ಡಬ್ಬಿ. ಯಾವ ಕಂಪನಿ ಅಂತ ಹೇಳಲ್ಲ. ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡ್ಕೊಳ್ಳೋ ಮಟ್ಟದ್ದು, ಮಳೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ದಪ್ಪ ಗ್ಲೌಸಲ್ಲಿ ಒತ್ತಿದ್ರೂ ಕೇಳುತ್ತೆ, ನೇರ ಬಿಸಿಲಲ್ಲಿ ಕಾಣುತ್ತೆ, ಒಳಗೇ ಬ್ಯಾಟರಿ ಇರೋದ್ರಿಂದ ಕೀ ತೆಗೆದ್ರೂ ಎಚ್ಚರವಾಗೇ ಇರುತ್ತೆ, ಇಡೀ ಮ್ಯಾಪ್ ಹೊಟ್ಟೇಲಿದೆ. ಇಷ್ಟೂ ಸಾಲಿಗೆ ಪೂರ್ಣ ಅಂಕ ಕೊಟ್ಟು, ಈಗ ತಲೆ ತಿಂದ ವಿಷಯಕ್ಕೆ ಬರ್ತೀನಿ.

ಕಂಪ್ಯೂಟರಲ್ಲಿ ಎಳೆದ ದಾರಿಯನ್ನ ಜಿಪಿಎಕ್ಸ್ ಫೈಲ್ ಮಾಡಿ ಡಬ್ಬಿಗೆ ತುಂಬ್ತೀವಿ ಅಲ್ವಾ, ಆ ಫೈಲಲ್ಲಿ ದಾರಿಯನ್ನ ಎರಡು ರೀತಿ ಬರೀಬಹುದು. ಒಂದು ರೂಟ್, ಇನ್ನೊಂದು ಟ್ರ್ಯಾಕ್. ಟ್ರ್ಯಾಕ್ ಅಂದ್ರೆ ನೂರಾರು ಚುಕ್ಕೆ ಜೋಡ್ಸಿದ ಗೆರೆ, ನೆಲದ ಮೇಲೆ ರಂಗೋಲಿ ಎಳೆ ಎಳೆದ ಹಾಗೆ, ಅದು ಎಲ್ಲಿದೆಯೋ ಅಲ್ಲೇ ಇರುತ್ತೆ. ರೂಟ್ ಹಾಗಲ್ಲ. ಅದರಲ್ಲಿ ಇರೋದು ಕೆಲವೇ ಜಾಗಗಳು, ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗ್ಬೇಕು ಅನ್ನೋದನ್ನ ಡಬ್ಬಿ ತನ್ನ ಮ್ಯಾಪ್ ನೋಡಿ, ತನ್ನ ಸೆಟ್ಟಿಂಗ್ ನೋಡಿ, ಹೊಸದಾಗಿ ಲೆಕ್ಕ ಹಾಕುತ್ತೆ. ನಾನು ಎಳೆದಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ, ಡಬ್ಬಿಯೊಳಗಿರೋದು ಬೇರೆ ಮ್ಯಾಪು, ಅದಕ್ಕೆ ನನ್ನ ಸಣ್ಣ ರಸ್ತೆ ಇಷ್ಟ ಆಗ್ಲಿಲ್ಲ ಅಂದ್ರೆ ಸದ್ದಿಲ್ದೆ ಹೈವೇಗೆ ತಿರುಗ್ಸಿ ಬಿಡುತ್ತೆ. ಸ್ಕ್ರೀನ್ ಮೇಲೆ ಗೆರೆ ಇದೆ, ಹೆಸರು ನಾನು ಇಟ್ಟಿದ್ದೇ, ದಾರಿ ಮಾತ್ರ ನಂದಲ್ಲ.

ಇದಕ್ಕಿಂತ ದೊಡ್ಡ ಕಿರಿಕಿರಿ ನಡುವಿನ ಬಿಂದುಗಳದ್ದು. ಕೆಲವು ಬಿಂದುವನ್ನ ಡಬ್ಬಿ ‘ಇಲ್ಲಿಗೆ ಬರ್ಲೇಬೇಕು’ ಅಂತ ತಿಳ್ಕೊಳ್ಳುತ್ತೆ, ಕೆಲವನ್ನ ‘ದಾರಿಯ ಆಕಾರಕ್ಕೆ ಇಟ್ಟಿದ್ದು, ಹಾದು ಹೋದ್ರೆ ಸಾಕು’ ಅಂತ. ಫೈಲ್ ಆಮದು ಮಾಡುವಾಗ ನನ್ನ ಬಿಂದು ಎಲ್ಲವೂ ಮೊದಲ್ನೇ ಜಾತಿಗೆ ಸೇರ್ಕೊಂಡಿದ್ವು. ನಡುವೆ ಡಿವೈಡರ್ ಇರೋ ರಸ್ತೆ. ನಾನು ಎಡಗಡೆ ಹೋಗ್ತಿದೀನಿ, ರಾತ್ರಿ ಮೌಸಲ್ಲಿ ಒತ್ತಿದ ಬಿಂದು ಡಿವೈಡರ್‌ನಿಂದಾಚೆ, ಎದುರು ಬರೋರ ಬದಿಗೆ ಕೂತಿದೆ, ನಾಲ್ಕೈದು ಮೀಟರ್ ವ್ಯತ್ಯಾಸ ಅಷ್ಟೇ. ಕಣ್ಣಿಗೆ ಅದು ಒಂದೇ ರಸ್ತೆ, ಡಬ್ಬಿಗೆ ಎರಡು. ‘ಯೂ ಟರ್ನ್ ತಗೊಳ್ಳಿ’ ಅಂತು. ಮುಂದೆ ಹೋದೆ, ಮತ್ತೆ ‘ಯೂ ಟರ್ನ್ ತಗೊಳ್ಳಿ’. ಊರು ದಾಟಿ, ಘಾಟ್ ಹತ್ತಿ, ಮೇಲೆ ಮಂಜಲ್ಲಿ ನಿಂತಿದ್ರೂ ಹೆಲ್ಮೆಟ್ ಒಳಗೆ ಆ ಹೆಂಗಸಿನ ದನಿ ಅದೇ ಮಾತು, ತಲುಪೋ ಸಮಯದ ಲೆಕ್ಕ ಏರ್ತಾನೇ ಇದೆ, ಯಾಕಂದ್ರೆ ಅದರ ಪ್ರಕಾರ ನಾನು ವಾಪಸ್ ಹೋಗಿ ಆ ಬಿಂದು ಮುಟ್ಟಿ ಮತ್ತೆ ಇಷ್ಟು ದೂರ ಬರ್ಬೇಕು.

ಇದಕ್ಕೆ ಮದ್ದು ಒಂದೊಂದಾಗಿ ಸಿಕ್ತು. ಬಿಂದು ಇಡುವಾಗ ಪೂರ್ತಿ ಜೂಮ್ ಮಾಡಿ ನಾವು ಹೋಗೋ ಬದಿಯ ರಸ್ತೆ ಮೇಲೇ ಇಡ್ಬೇಕು, ಅದೂ ಸರ್ಕಲ್ ಹತ್ರ ಅಲ್ಲ, ಎರಡು ಕೂಡುರಸ್ತೆಯ ನಡುವೆ, ಅಕ್ಕಪಕ್ಕ ಬೇರೆ ರಸ್ತೆ ಇಲ್ಲದ ಕಡೆ. ಊಟ, ಪೆಟ್ರೋಲು, ರಾತ್ರಿ ಉಳಿಯೋ ಜಾಗ ಬಿಟ್ರೆ ಮಿಕ್ಕಿದ್ದೆಲ್ಲವನ್ನೂ ಆಕಾರದ ಬಿಂದು ಅಂತ ಬದಲಾಯಿಸ್ಬೇಕು. ‘ಮುಂದಿನ ಬಿಂದು ಬಿಟ್ಬಿಡು’ ಅನ್ನೋ ಬಟನ್ ಮೆನು ಒಳಗೆ ಹೂತಿರುತ್ತೆ, ಅದನ್ನ ಮ್ಯಾಪ್ ಪಕ್ಕಕ್ಕೆ ತಂದು ಇಟ್ಕೊಳ್ಬೇಕು. ತಾನಾಗೇ ಮರುಲೆಕ್ಕ ಹಾಕೋದನ್ನ ಆಫ್ ಮಾಡಿ, ಕೇಳಿ ಮಾಡು ಅಂತ ಇಡ್ಬೇಕು. ನಾನು ಈಗ ಅದೇ ದಾರಿಯ ಟ್ರ್ಯಾಕನ್ನೂ ಜೊತೆಗೆ ತುಂಬಿ ಬೇರೆ ಬಣ್ಣದಲ್ಲಿ ಹಾಕ್ತೀನಿ. ರೂಟಿನ ಬಣ್ಣ ಮತ್ತೆ ಟ್ರ್ಯಾಕಿನ ಬಣ್ಣ ಬೇರೆ ಬೇರೆ ದಿಕ್ಕಿಗೆ ಹೋದ್ರೆ ಡಬ್ಬಿ ತನ್ನ ಬುದ್ಧಿ ಓಡ್ಸಿದೆ ಅಂತ ಅರ್ಥ, ಆಗ ಕಣ್ಮುಚ್ಚಿ ಟ್ರ್ಯಾಕ್ ಹಿಂದೆ ಹೋಗೋದು.

ಇಷ್ಟೆಲ್ಲ ತಾಪತ್ರಯ ಇರೋದಕ್ಕೆ ಓಟು ಯಾಕೆ ಅಂದ್ರೆ, ಈ ತಾಪತ್ರಯ ಮನೇಲಿ ಕೂತು ಬಗೆಹರಿಸೋ ಅಂಥದ್ದು. ಮಳೇಲಿ ಚಾರ್ಜ್ ತಗೊಳ್ಳದ ಫೋನನ್ನ ರಸ್ತೆ ಬದಿ ನಿಂತು ನಾನೇನು ಮಾಡೋಕೂ ಆಗಲ್ಲ. ಗೂಗಲ್ ಮ್ಯಾಪ್ಸಲ್ಲಿ ನಡುವೆ ಹಾಕೋ ಸ್ಟಾಪುಗಳು ಹತ್ತರ ಆಸುಪಾಸಿಗೆ ಮುಗಿಯುತ್ತೆ, ನನ್ನ ಥರ ಸುತ್ತಿ ಬಳಸಿ ಹೋಗೋನಿಗೆ ಅದು ಮೊದ್ಲ ಅರ್ಧ ದಿನಕ್ಕೂ ಸಾಲಲ್ಲ.

ದುಡ್ಡಿನ ವಿಷ್ಯ ಹೇಳ್ಬೇಕಂದ್ರೆ, ಹೊಸ ಬೈಕ್ ಜಿಪಿಎಸ್ ಅಂದ್ರೆ ಒಂದು ಒಳ್ಳೆ ಫೋನಿನಷ್ಟು ಬೀಳುತ್ತೆ, ಅಷ್ಟು ಕೊಡೋಕೆ ನಾನು ತಯಾರಿರಲಿಲ್ಲ, ಹಿಂದಿನ ಮಾಡೆಲ್ಲನ್ನ ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ. ಹಾಗೆ ತಗೊಳ್ಳೋರು ಮೂರು ನೋಡಿ. ಬ್ಯಾಟರಿ ಮೇಲೆ ಎಷ್ಟು ಹೊತ್ತು ಓಡುತ್ತೆ, ಡಬ್ಬಿಯನ್ನ ಹ್ಯಾಂಡಲ್ ಮೇಲೆ ಕೂರ್ಸೋ ತೊಟ್ಟಿಲಿನ ಪಿನ್ನುಗಳು ಹಸಿರುಗಟ್ಟಿವೆಯಾ, ಮ್ಯಾಪ್ ಅಪ್‌ಡೇಟ್ ಇನ್ನೂ ಬರ್ತಿದೆಯಾ. ತೊಟ್ಟಿಲು ಹೋಗಿದ್ರೆ ಅದೊಂದನ್ನೇ ಕೊಳ್ಳೋಕೆ ಹೋಗಿ ಲಾಭವೆಲ್ಲ ನೀರಲ್ಲಿ ಹೋಮ. ವೈರನ್ನ ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ಲೈನಿಗೇ ಕೊಡ್ಸಿ, ಫ್ಯೂಸ್ ಹಾಕ್ಸಿ, ನೇರ ಬ್ಯಾಟರಿಗೆ ಕೊಟ್ರೆ ಬೈಕ್ ನಿಂತಿರುವಾಗ್ಲೂ ಹೀರ್ತಾ ಇರುತ್ತೆ.

ಡಬ್ಬಿಗೆ ಬರದೇ ಇರೋ ಕೆಲ್ಸ ಒಂದಿದೆ, ಪೆಟ್ರೋಲ್ ಬಂಕ್, ಹೋಟ್ಲು ಹುಡ್ಕೋದು. ಅದರ ಪಟ್ಟಿ ಯಾವ ಕಾಲದ್ದೋ, ತೋರ್ಸಿದ ಕಡೆ ಹೋದ್ರೆ ಬಂಕಿನ ಜಾಗದಲ್ಲಿ ಮದುವೆ ಛತ್ರ ಇರುತ್ತೆ. ಅದಕ್ಕೆ ಮಾತ್ರ ಬೈಕ್ ನಿಲ್ಸಿ ಗ್ಲೌಸ್ ಬಿಚ್ಚಿ ಜೇಬಿಂದ ಫೋನ್ ತೆಗೀತೀನಿ.