ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿಯೋ, ರ‍್ಯಾಮೋ, ಲಿನಕ್ಸೋ?

ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿದ್ದರೆ ಮೊದಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ (ಯಾವ ಭಾಗದ ಮೇಲೆ ಎಷ್ಟು ಹೊರೆ ಎಂದು ತೋರಿಸುವ ಕಿಟಕಿ) ತೆರೆದು ನೋಡಿ. ಡಿಸ್ಕ್ 100% ತೋರಿಸುತ್ತಾ ಒಳಗೆ ಹಾರ್ಡ್ ಡಿಸ್ಕ್ ಕರಕರ ಅನ್ನುತ್ತಿದ್ದರೆ, ಅದರ ಬದಲು ಹಾಕುವ ವೇಗದ ಚಿಪ್ ಡಿಸ್ಕ್ ಆದ ಎಸ್‌ಎಸ್‌ಡಿಯೇ ಸರಿ. ಡಿಸ್ಕ್ ಜೋಡಿಸುವ ಹಳೆಯ ಸಾಟಾ 2 ಪೋರ್ಟ್ ಸೆಕೆಂಡಿಗೆ 300 ಎಂಬಿ ದಾಟಲು ಬಿಡದಿದ್ದರೂ ವ್ಯತ್ಯಾಸ ಎದ್ದು ಕಾಣುತ್ತದೆ. ನಾಳೆ ಲ್ಯಾಪ್‌ಟಾಪ್ ಕೈಕೊಟ್ಟರೂ ಎಸ್‌ಎಸ್‌ಡಿಯನ್ನು ಬಿಚ್ಚಿ ಬೇರೆಡೆ ಬಳಸಬಹುದು.

ಹತ್ತಾರು ಟ್ಯಾಬ್ ತೆರೆದಾಗ ಮಾತ್ರ ಒದ್ದಾಡುತ್ತದೆಯೇ? ಹಾಗಾದರೆ ರ‍್ಯಾಮ್ (ತೆರೆದಿರುವ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ) ಹೆಚ್ಚಿಸಿ. ಕೂರಿಸುವುದು ಸುಲಭ, ಆದರೆ ರ‍್ಯಾಮ್‌ನಲ್ಲೂ ತಲೆಮಾರುಗಳಿವೆ: ಡಿಡಿಆರ್2 ಸ್ಲಾಟಿಗೆ ಡಿಡಿಆರ್3 ಹೋಗದು. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚು ಹಾಕಿದ್ದು ದಂಡ.

ವಿಂಡೋಸ್ ಬದಲು ಹಾಕಿಕೊಳ್ಳುವ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ಗೆ ಖರ್ಚಿಲ್ಲ, ತಾಳ್ಮೆ ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಯಂತ್ರಕ್ಕೆ ಲಿನಕ್ಸ್ ಒಳ್ಳೆಯ ದಾರಿ. ಲಿನಕ್ಸ್‌ನಲ್ಲಿ ನೇರವಾಗಿ ಓಡದ ಫೋಟೋಶಾಪ್ ಇಲ್ಲದೆ ಕೆಲಸವೇ ಸಾಗದವರು ಮಾತ್ರ ಈ ಕಡೆ ಬರಬೇಡಿ.