ಚಳಿಗಾಲದಲ್ಲಿ ಬೇಸಿಗೆ ಟೈರ್: ರಿಯರ್ ವೀಲ್ ಡ್ರೈವ್ ಸ್ಪೋರ್ಟ್ಸ್ ಕಾರಿನಲ್ಲಿ ಎಷ್ಟರ ಮಟ್ಟಿಗೆ ನಂಬಬಹುದು?

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಗಲಿನಲ್ಲೂ ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್ ದಾಟದ ಊರಿನಲ್ಲಿ, ಬೇಸಿಗೆ ಟೈರ್ ಹಾಕಿದ ರಿಯರ್ ವೀಲ್ ಡ್ರೈವ್ (ಎಂಜಿನ್ ಹಿಂದಿನ ಗಾಲಿಗಳನ್ನಷ್ಟೇ ತಿರುಗಿಸುವ) ಸ್ಪೋರ್ಟ್ಸ್ ಕಾರನ್ನು ದಿನಬಳಕೆಗೆ ಇಟ್ಟುಕೊಳ್ಳಬಾರದು. ಟೈರ್ ಕಳಪೆ ಎಂದು ಇದರ ಅರ್ಥವಲ್ಲ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಮತ್ತು ಅದರ ಸಾಲಿನ ಟೈರುಗಳು 25 ಡಿಗ್ರಿಯಲ್ಲಿ, ಒಣ ರಸ್ತೆಯಿರಲಿ ಮಳೆಯಿರಲಿ, ಕೊಡುವ ಹಿಡಿತವನ್ನು ಎಷ್ಟು ಹೊಗಳಿದರೂ ಸಾಲದು. ಆ ಹಿಡಿತ ಬರುವುದು ಯಾವ ರಬ್ಬರಿನಿಂದಲೋ ಅದೇ ರಬ್ಬರು ಚಳಿಯಲ್ಲಿ ಕೈಕೊಡುತ್ತದೆ.

ಟೈರ್ ರಸ್ತೆಯನ್ನು ಹಿಡಿಯಬೇಕಾದರೆ ರಬ್ಬರು ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕೂರಬೇಕು. ಬೇಸಿಗೆ ಟೈರಿನ ಮಿಶ್ರಣ ಬಿಸಿಯಲ್ಲಿ ಕರಗಿಹೋಗದಂತೆ, ಬಿಸಿಯಾದಾಗಲೇ ಚೆನ್ನಾಗಿ ಅಂಟುವಂತೆ ತಯಾರಾಗಿರುತ್ತದೆ. ಉಷ್ಣಾಂಶ ಇಳಿದಂತೆ ಅದು ಗಟ್ಟಿಯಾಗುತ್ತ ಹೋಗಿ, ಸೊನ್ನೆಯ ಹತ್ತಿರ ಬರುವಷ್ಟರಲ್ಲಿ ಪ್ಲಾಸ್ಟಿಕ್ಕಿನ ಗುಣ ತೋರಿಸತೊಡಗುತ್ತದೆ. ಪರೀಕ್ಷಿಸುವುದು ಸುಲಭ. ಕೊರೆಯುವ ಬೆಳಿಗ್ಗೆ ಟ್ರೆಡ್ಡಿನ (ಟೈರಿನ ರಸ್ತೆಗೆ ತಾಗುವ ಮೈಯ) ಒಂದು ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಬೇಸಿಗೆಯಲ್ಲಿ ಉಗುರಿಗೆ ಮಣಿಯುತ್ತಿದ್ದ ಅಂಚು ಈಗ ಬಕೆಟ್ಟಿನ ಅಂಚಿನ ಹಾಗೆ ಗಡುಸಾಗಿರುತ್ತದೆ. ಪಕ್ಕದಲ್ಲೇ ವಿಂಟರ್ ಟೈರ್ ಇದ್ದರೆ ಅದನ್ನೂ ಒತ್ತಿ. ವ್ಯತ್ಯಾಸವನ್ನು ಬೆರಳೇ ಹೇಳುತ್ತದೆ.

ಹಿಮ ಬಿದ್ದ ದಿನಕ್ಕಿಂತ ಹೆಚ್ಚು ಮೋಸದ್ದು ಒಣ ರಸ್ತೆ, ಬಿಸಿಲು, 3 ಡಿಗ್ರಿ ಇರುವ ಬೆಳಿಗ್ಗೆ. ಹಿಮ ಕಂಡರೆ ಯಾರಾದರೂ ಎಚ್ಚರವಾಗುತ್ತಾರೆ. ಒಣ ರಸ್ತೆ ಕಂಡರೆ ಕಾಲು ತನ್ನ ಹಳೆಯ ಲೆಕ್ಕದಲ್ಲೇ ಆಕ್ಸಿಲರೇಟರ್ ಒತ್ತುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಟೈರ್ ತಣ್ಣಗೇ ಇರುತ್ತದೆ. ಮೆಲ್ಲಗೆ ಓಡಿಸಿದರೆ ಬಿಸಿಯೇ ಆಗುವುದಿಲ್ಲ, ಬಿಸಿಯಾಗಲಿ ಎಂದು ಜೋರಾಗಿ ಓಡಿಸಲು ಬೇಕಾದ ಹಿಡಿತವೂ ಇರುವುದಿಲ್ಲ. ಸಿಗ್ನಲ್ಲಿನಿಂದ ಎಡಕ್ಕೋ ಬಲಕ್ಕೋ ತಿರುಗುತ್ತ ಎರಡನೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರ್ ಕೊಟ್ಟರೆ ಸಾಕು, ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಬೇಸಿಗೆಯಲ್ಲಿ ಇದೇ ಟೈರ್ ಜಾರುವ ಮುಂಚೆ ಸದ್ದು ಮಾಡಿ ಸುಳಿವು ಕೊಡುತ್ತಿತ್ತು, ಚಳಿಯಲ್ಲಿ ಆ ಸುಳಿವೂ ಇಲ್ಲ. ಹಿಡಿತ ಇದ್ದಕ್ಕಿದ್ದಂತೆ ಹೋಗುತ್ತದೆ, ಮತ್ತೆ ಸಿಕ್ಕುವಾಗಲೂ ಇದ್ದಕ್ಕಿದ್ದಂತೆ ಸಿಕ್ಕಿ ಗಾಡಿಯನ್ನು ಎದುರು ದಿಕ್ಕಿಗೆ ಎತ್ತಿ ಹಾಕುತ್ತದೆ.

ರಿಯರ್ ವೀಲ್ ಡ್ರೈವ್ ಎಂದರೆ ಅಪಾಯ ಎಂಬ ಮಾತು ಅರ್ಧ ಮಾತ್ರ ನಿಜ. ಒಳ್ಳೆಯ ವಿಂಟರ್ ಟೈರ್ ಹಾಕಿದ ಮಜ್ದಾ ಎಂಎಕ್ಸ್-5 ಹಿಮದಲ್ಲಿ ನೆಮ್ಮದಿಯಾಗಿ ಓಡುತ್ತದೆ, ಬೇಸಿಗೆ ಟೈರ್ ಹಾಕಿದ ಆಲ್ ವೀಲ್ ಡ್ರೈವ್ ಗಾಡಿ ಬೇಗ ಹೊರಟರೂ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಆದರೆ ತಪ್ಪಾದಾಗ ಏನಾಗುತ್ತದೆ ಎಂಬುದನ್ನು ಡ್ರೈವ್ ನಿರ್ಧರಿಸುತ್ತದೆ. ಇಲ್ಲಿ ತಿರುವಿನಲ್ಲಿ ಗಾಡಿಯನ್ನು ನೇರವಾಗಿ ಇಡಬೇಕಾದ ಹಿಂದಿನ ಗಾಲಿಗಳ ಮೇಲೆಯೇ ಎಂಜಿನ್ನಿನ ಶಕ್ತಿಯನ್ನು ರಸ್ತೆಗೆ ಇಳಿಸುವ ಹೊರೆಯೂ ಬೀಳುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಜಾರುತ್ತದೆ ಎಂದುಕೊಂಡವರು ಎಂಜಿನ್ ಬ್ರೇಕಿಂಗನ್ನು ಮರೆತಿರುತ್ತಾರೆ. ಇಳಿಜಾರಿನಲ್ಲಿ ಮೂರರಿಂದ ಎರಡಕ್ಕೆ ಗೇರ್ ಇಳಿಸಿ ಕ್ಲಚ್ ಥಟ್ಟನೆ ಬಿಟ್ಟರೆ ಎಂಜಿನ್ ಹಿಂದಿನ ಎರಡು ಗಾಲಿಗಳನ್ನಷ್ಟೇ ಹಿಡಿದೆಳೆಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದಂತೆಯೇ ಅದು. ಆಟೊಮ್ಯಾಟಿಕ್ ಗಾಡಿಯಲ್ಲಿ ಸ್ಪೋರ್ಟ್ ಮೋಡ್ ಇದೇ ಕೆಲಸವನ್ನು ತಾನಾಗಿಯೇ ಮಾಡಿಬಿಡುತ್ತದೆ.

ಒದ್ದೆ ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು ಹೊರಹಾಕುವ ಉದ್ದನೆಯ ಕಾಲುವೆಗಳು ಈ ಟೈರಿನಲ್ಲಿ ಚೆನ್ನಾಗಿಯೇ ಇವೆ, ರಬ್ಬರು ಮಾತ್ರ ಸಹಕರಿಸುವುದಿಲ್ಲ.

ಹಿಮದ ಮೇಲೆ ಮಾತ್ರ ಟೈರ್ ಪೂರ್ತಿ ಸೋಲುತ್ತದೆ. ವಿಂಟರ್ ಟೈರಿನ ಟ್ರೆಡ್ ತುಂಬ ಬ್ಲೇಡಿನಲ್ಲಿ ಗೀರಿದಂಥ ಸೀಳುಗಳಿರುತ್ತವೆ. ಅವು ಹಿಮವನ್ನು ಕಚ್ಚಿ ಹಿಡಿದುಕೊಳ್ಳುತ್ತವೆ. ಹಿಮಕ್ಕೆ ಹಿಮವೇ ಅಂಟುವುದರಿಂದ ಗಾಡಿಗೆ ಹಿಡಿತ ಸಿಗುತ್ತದೆ. ಬೇಸಿಗೆ ಟೈರಿನಲ್ಲಿ ದೊಡ್ಡ ದೊಡ್ಡ ಸಪಾಟು ರಬ್ಬರ್ ತುಂಡುಗಳಿದ್ದು, ಕಾಲುವೆಗಳಲ್ಲಿ ಹಿಮ ಮೆತ್ತಿಕೊಂಡ ಮೇಲೆ ಅದು ನುಣ್ಣನೆಯ ಉರುಳೆ ಅಷ್ಟೇ. ಲೆಕ್ಕ ಹಾಕಿ ನೋಡಿ: ಗಂಟೆಗೆ 50 ಕಿ.ಮೀ. ವೇಗದಲ್ಲಿ ಘರ್ಷಣೆಯ ಗುಣಾಂಕ (ರಸ್ತೆಯ ಮೇಲಿನ ಹಿಡಿತದ ಅಳತೆ) 0.3 ಇದ್ದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಸುಮಾರು 33 ಮೀಟರ್ ಬೇಕು. ಅದೇ ಗುಣಾಂಕ 0.1ಕ್ಕೆ ಇಳಿದರೆ 98 ಮೀಟರ್. ವೇಗವನ್ನು 30ಕ್ಕೆ ಇಳಿಸಿದರೂ 35 ಮೀಟರ್. ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರಲಿ, ಹೊರಡುವಾಗ ಗಾಲಿ ಸುಮ್ಮನೆ ಸುತ್ತದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಇರಲಿ, ಇರುವ ಹಿಡಿತವನ್ನು ಹಂಚಿಕೊಡುತ್ತವೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ 120-130 ಮಿ.ಮೀ. ಎತ್ತರದಲ್ಲಷ್ಟೇ ಇರುತ್ತದೆ ಎಂಬುದೂ ನೆನಪಿರಲಿ. ಅದಕ್ಕಿಂತ ಆಳದ ಹಿಮದಲ್ಲಿ ಗಾಡಿ ಹೊಟ್ಟೆಯ ಮೇಲೆ ಕೂತು, ಗಾಲಿಗಳು ಗಾಳಿಯಲ್ಲಿ ತಿರುಗಿದಂತೆ ತಿರುಗುತ್ತವೆ.

ಓಡಿಸದೆ ನಿಲ್ಲಿಸಿದರೂ ತೊಂದರೆ ತಪ್ಪುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೊನ್ನೆಗಿಂತ 7 ಡಿಗ್ರಿ ಕೆಳಗೆ ಹೋದ ಬೇಸಿಗೆ ಟೈರನ್ನು ಉರುಳಿಸಿದರೆ ಟ್ರೆಡ್ಡಿನಲ್ಲಿ ಬಿರುಕು ಬಿಡಬಹುದು. ಕಾಲುವೆಯ ತಳದಲ್ಲಿ, ರಬ್ಬರ್ ತುಂಡುಗಳ ಅಂಚಿನಲ್ಲಿ ಮೊದಲು ಕೂದಲೆಳೆಯಂಥ ಗೆರೆ ಕಾಣಿಸುತ್ತದೆ. ಆಮೇಲೆ ತುಂಡೇ ಕಿತ್ತು ಬರಬಹುದು. ಟ್ರ್ಯಾಕಿಗೆಂದೇ ಮಾಡಿದ ಅರೆ-ರೇಸಿಂಗ್ ಟೈರುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹೀಗೆ ಒಡೆದದ್ದನ್ನು ತಯಾರಕರು ವಾರಂಟಿಗೆ ಸೇರಿಸುವುದಿಲ್ಲ. ಗಾಡಿ ಅಷ್ಟು ಚಳಿಯಲ್ಲಿ ನಿಂತಿದ್ದರೆ ನಿಂತಲ್ಲೇ ಇರಲಿ. ಟೈರುಗಳನ್ನು 5 ಡಿಗ್ರಿಗಿಂತ ಬೆಚ್ಚಗಿರುವ ಜಾಗದಲ್ಲಿ 24 ಗಂಟೆ ಇಟ್ಟ ಮೇಲೆಯೇ ಉರುಳಿಸಬೇಕು. ವಾರಗಟ್ಟಲೆ ನಿಂತ ಗಾಡಿ ಹೊರಟಾಗ ಮೊದಲ ಕೆಲವು ಕಿಲೋಮೀಟರ್ ದಡದಡ ಎಂದರೆ ಗಾಬರಿ ಬೇಡ. ಟೈರಿನ ತಳ ಚಪ್ಪಟೆಯಾಗಿರುತ್ತದೆ, ಬೆಚ್ಚಗಾದಂತೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಗಾಳಿಯ ವಿಷಯದಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ಉಷ್ಣಾಂಶ ಐದೂವರೆ ಡಿಗ್ರಿ ಇಳಿದರೆ ಟೈರಿನೊಳಗಿನ ಒತ್ತಡ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾಗುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ 36 ಹಿಡಿಸಿಕೊಂಡು ಸೊನ್ನೆಗಿಂತ 10 ಕೆಳಗಿನ ಹೊರಗಾಳಿಗೆ ಬಂದರೆ ಮೀಟರ್ 31ರ ಆಸುಪಾಸು ತೋರಿಸುತ್ತದೆ. ಎಚ್ಚರಿಕೆ ದೀಪ ಅಷ್ಟಕ್ಕೇ ಹೊತ್ತಿಕೊಳ್ಳುತ್ತದೆ ಎಂಬ ಖಾತರಿಯಿಲ್ಲ. ಗಾಳಿ ಚೆಕ್ ಮಾಡಬೇಕಾದದ್ದು ಹೊರಗೆ, ಗಾಡಿ ತಣ್ಣಗಿರುವಾಗ. ಹಿಡಿತ ಹೆಚ್ಚುತ್ತದೆ ಎಂದು ಬೇಕೆಂದೇ ಗಾಳಿ ಇಳಿಸುವುದು ಮರಳಿನಲ್ಲಿ ಸರಿ, ಇಲ್ಲಿ ಬೇಡ.

ಹೇಗೋ ಸಿಕ್ಕಿಹಾಕಿಕೊಂಡಿದ್ದೀರಿ, ಮನೆ ಮುಟ್ಟಲೇಬೇಕು ಎಂದಿಟ್ಟುಕೊಳ್ಳಿ. ಸ್ಪೋರ್ಟ್ ಮೋಡ್ ತೆಗೆದು ಸ್ನೋ ಅಥವಾ ವೆಟ್ ಮೋಡಿಗೆ ಹಾಕಿ. ಮ್ಯಾನ್ಯುಯಲ್ ಗಾಡಿಯನ್ನು ಎರಡನೇ ಗೇರಿನಲ್ಲೇ ಎಬ್ಬಿಸಿ, ಹಾಫ್ ಕ್ಲಚ್ಚಿನಲ್ಲಿ ನಿಧಾನವಾಗಿ. ಸ್ಟೀರಿಂಗ್ ನೇರವಾಗುವ ತನಕ ಆಕ್ಸಿಲರೇಟರ್ ಮುಟ್ಟಬೇಡಿ. ಬ್ರೇಕ್ ಹಾಕುವುದೆಲ್ಲ ತಿರುವಿಗೆ ಮುಂಚೆಯೇ ಮುಗಿಯಲಿ. ಮುಂದಿನ ಗಾಡಿಗೂ ನಿಮಗೂ ಎಂಟು ಹತ್ತು ಸೆಕೆಂಡಿನ ಅಂತರ ಬೇಕು. ಸೇತುವೆಯ ಮೇಲೆ ರಸ್ತೆ ಬೇರೆಡೆಗಿಂತ ಮೊದಲು ಹೆಪ್ಪುಗಟ್ಟುತ್ತದೆ, ಅಲ್ಲಿ ಬ್ರೇಕೂ ಬೇಡ, ಆಕ್ಸಿಲರೇಟರೂ ಬೇಡ. ಗಾಡಿ ಹೂತುಕೊಂಡರೆ ಟ್ರಾಕ್ಷನ್ ಕಂಟ್ರೋಲನ್ನು ಆ ಹೊತ್ತಿಗೆ ಮಾತ್ರ ಆಫ್ ಮಾಡಿ ಮುಂದಕ್ಕೂ ಹಿಂದಕ್ಕೂ ತೂಗಿ ಬಿಡಿಸಿಕೊಳ್ಳಿ, ಹೊರಬಂದ ಕೂಡಲೇ ಆನ್ ಮಾಡಿ.

ಹಿಂಭಾಗ ಜಾರಿದರೆ ಕ್ಲಚ್ ಒತ್ತಿ, ಹೋಗಬೇಕಾದ ಕಡೆಗೇ ಕಣ್ಣಿಟ್ಟು, ಸ್ಟೀರಿಂಗನ್ನು ಆ ಕಡೆಗೇ ತಿರುಗಿಸಿ. ಬ್ರೇಕ್ ಬೇಡ. ಗಾಡಿ ನೇರವಾಗತೊಡಗಿದ ಕ್ಷಣವೇ ಸ್ಟೀರಿಂಗನ್ನೂ ಬೇಗ ನೇರಕ್ಕೆ ತರಬೇಕು. ಬಹಳಷ್ಟು ಜನ ತಿರುಗಿ ನಿಲ್ಲುವುದು ಮೊದಲ ಜಾರಿಕೆಯಲ್ಲಲ್ಲ, ಅದನ್ನು ತಿದ್ದಿದ ಮೇಲೆ ಎದುರು ಬದಿಗೆ ಬರುವ ಎರಡನೆಯದರಲ್ಲಿ.

ಡಿಕ್ಕಿಯಲ್ಲಿ ಮರಳಿನ ಮೂಟೆ ಇಡುವ ಸಲಹೆ ಎಲ್ಲರ ಬಾಯಲ್ಲೂ ಇದೆ. 20 ಕೆ.ಜಿ.ಯ ಎರಡು ಮೂಟೆಗಳನ್ನು ಹಿಂದಿನ ಆಕ್ಸಲ್ಲಿನ ನೇರ ಮೇಲೆ ಕಟ್ಟಿಟ್ಟರೆ ಹೊರಡುವಾಗ ಒಂದಿಷ್ಟು ಅನುಕೂಲ. ಡಿಕ್ಕಿಯ ತುದಿಯಲ್ಲಿಟ್ಟರೆ ಜಾರಿದಾಗ ಹಿಂಭಾಗ ಇನ್ನೂ ಜೋರಾಗಿ ಬೀಸುತ್ತದೆ. ನಿಲ್ಲಿಸುವಾಗಂತೂ ಆ ತೂಕವೂ ಬ್ರೇಕಿಗೇ ಹೊರೆ. ಹಿಂದಿನ ಎರಡಕ್ಕೆ ಮಾತ್ರ ವಿಂಟರ್ ಟೈರ್ ಹಾಕುವುದು ಇನ್ನೊಂದು ತಪ್ಪು: ಗಾಡಿ ಸಲೀಸಾಗಿ ಹೊರಡುತ್ತದೆ, ಆದರೆ ತಿರುಗುವುದಿಲ್ಲ, ನಿಲ್ಲುವುದಿಲ್ಲ. ಹಾಕಿದರೆ ನಾಲ್ಕೂ ಹಾಕಬೇಕು. ಹಿಮದಲ್ಲಿ ಹಿಡಿತಕ್ಕೆಂದು ಟೈರಿಗೆ ಸುತ್ತುವ ಚೈನ್ ಹಿಂದಿನ ಗಾಲಿಗಳಿಗೆ ಹಾಕುವಂಥದ್ದು, ಆದರೆ ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಟೈರಿಗೂ ಒಳಗಿನ ಭಾಗಗಳಿಗೂ ನಡುವೆ ಚೈನಿಗೆ ಜಾಗವೇ ಇರುವುದಿಲ್ಲ. ಕಾರಿನ ಕೈಪಿಡಿ ನೋಡದೆ ಕೊಳ್ಳಬೇಡಿ.

ವಿಂಟರ್ ಟೈರ್ ಕೊಳ್ಳುವುದಾದರೆ ಸೈಡ್‌ವಾಲಿನಲ್ಲಿ (ಟೈರಿನ ಪಕ್ಕದ ಗೋಡೆಯಲ್ಲಿ) ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂ ಇರುವ ಗುರುತು ಇದೆಯೇ ನೋಡಿ. ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಎಂಬ ಅಕ್ಷರಗಳು ಹಿಮದಲ್ಲಿ ಪರೀಕ್ಷೆ ಪಾಸಾಗಿದೆ ಎಂದು ಹೇಳುವುದಿಲ್ಲ. ಕಾರಿಗೆ ಒಪ್ಪುವ ಅಳತೆಗಳಲ್ಲಿ ಚಿಕ್ಕ ರಿಮ್ಮನ್ನೇ ಆರಿಸಿ. ಟೊಯೋಟಾ ಜಿಆರ್86 ಕಾರ್ಖಾನೆಯಿಂದ 215/40ಆರ್18ರಲ್ಲೂ (18 ಇಂಚಿನ ರಿಮ್) ಬರುತ್ತದೆ, 215/45ಆರ್17ರಲ್ಲೂ (17 ಇಂಚಿನ ರಿಮ್) ಬರುತ್ತದೆ. ಹೊರವ್ಯಾಸ 629 ಮತ್ತು 625 ಮಿ.ಮೀ., ಅಂದರೆ ಸ್ಪೀಡೋಮೀಟರಿಗೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ 17ರಲ್ಲಿ ಸೈಡ್‌ವಾಲ್ ಎತ್ತರ ಇರುವುದರಿಂದ ಹಿಮದಡಿಯ ಗುಂಡಿಗೆ ರಿಮ್ ಬಾಗುವುದು ಕಡಿಮೆ. ವಿಂಟರ್ ಟೈರಿನ ಸ್ಟೀರಿಂಗ್ ಮೆತ್ತಗೆ, ಸ್ವಲ್ಪ ತಡವಾಗಿ ಉತ್ತರಿಸುತ್ತದೆ. ಸ್ಪೋರ್ಟ್ಸ್ ಕಾರಿನವರಿಗೆ ಇದು ಹಿಡಿಸದು, ಆದರೂ ಒಪ್ಪಿಕೊಳ್ಳಲೇಬೇಕು. ಟ್ರೆಡ್ಡಿನ ಆಳ ಸವೆದು 4 ಮಿ.ಮೀ.ಗಿಂತ ಕಡಿಮೆಯಾದರೆ ಹಿಮದ ಕೆಲಸಕ್ಕೆ ಬಾರದು.

ಚಳಿ ಇದೆ, ಹಿಮ ಅಪರೂಪ ಎನ್ನುವವರಿಗೆ ಸ್ಪೋರ್ಟ್ಸ್ ಆಲ್ ಸೀಸನ್ ಟೈರ್ ಸಾಕಾಗುತ್ತದೆ. ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಡಿಡಬ್ಲ್ಯುಎಸ್06ರ ಟ್ರೆಡ್ಡಿನಲ್ಲೇ ಡಿ (ಡ್ರೈ), ಡಬ್ಲ್ಯು (ವೆಟ್), ಎಸ್ (ಸ್ನೋ) ಅಕ್ಷರಗಳನ್ನು ಕೊರೆದಿರುತ್ತಾರೆ. ಎಸ್ ಅಳಿಸಿಹೋಯಿತೆಂದರೆ ಹಿಮಕ್ಕೆ ಇನ್ನು ಬೇಡ, ಡಬ್ಲ್ಯು ಅಳಿದರೆ ಮಳೆಗೂ ಬೇಡ. ಇಷ್ಟು ನೇರವಾಗಿ ಹೇಳುವ ಟೈರ್ ನಿಜಕ್ಕೂ ಮೆಚ್ಚತಕ್ಕದ್ದು.

ಬಿಚ್ಚಿದ ಬೇಸಿಗೆ ಟೈರುಗಳನ್ನು ತೊಳೆದು ಒಣಗಿಸಿ, ಯಾವುದು ಎಡ-ಹಿಂದಿನದು, ಯಾವುದು ಬಲ-ಮುಂದಿನದು ಎಂದು ಚಾಕ್‌ಪೀಸಿನಲ್ಲಿ ಬರೆದು, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯೊಳಗಿಡಿ. ಹತ್ತಿರದಲ್ಲಿ ವಿದ್ಯುತ್ ಮೋಟಾರ್ ಇರಬಾರದು, ಅದರಿಂದ ಬರುವ ಓಜೋನ್ ರಬ್ಬರನ್ನು ತಿನ್ನುತ್ತದೆ. ಹೊಸದಾಗಿ ಹಾಕಿದ ಗಾಲಿಗಳ ನಟ್ಟುಗಳನ್ನು 80ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ನೋಡಿ.